ಉದ್ಘಾಟನೆ ಅವ್ರಿಗೆ, ಫೈನಲ್ ಇವ್ರಿಗೆ: ಜಂಟಿ ಆತಿಥ್ಯದ ಪಾಲುಪಟ್ಟಿ ಬಗ್ಗೆ ಒಂದು ಡೌಟು

ಕಾರ್ನರ್‌ಕಿಕ್ (ಥ್ರೆಡ್ ಹಾಕಿದವರು)

ತುಂಬಾ ದಿನದಿಂದ ತಲೇಲಿ ಕೊರೀತಾ ಇದ್ದ ವಿಷಯ, ಇವತ್ತು ಇಲ್ಲಿ ಹಾಕೇ ಬಿಡ್ತೀನಿ. ಅಕ್ಕಪಕ್ಕದ ದೇಶಗಳು ಸೇರಿ ಫುಟ್‌ಬಾಲ್ ಟೂರ್ನಮೆಂಟ್ ನಡೆಸೋದು ಈಗ ಮಾಮೂಲಿ ಆಗೋಗಿದೆ. ಕೇಳಿದ್ರೆ ಎಲ್ಲಾ ಸಮಪಾಲು ಅಂತಾರೆ, ನಿಮಗೆ ನಾಲ್ಕು ಸ್ಟೇಡಿಯಂ ನಮಗೆ ನಾಲ್ಕು, ನಿಮಗೆ ಎರಡು ಗ್ರೂಪ್ ನಮಗೆ ಎರಡು. ಸರಿ. ಆದ್ರೆ ಫೈನಲ್ ಒಂದೇ ಅಲ್ವಾ ಗುರು? ಅದನ್ನ ಮಧ್ಯಕ್ಕೆ ಕೊಯ್ದು ಹಂಚೋಕಾಗುತ್ತಾ?

ಹಂಗಾಗಿ ಏನ್ ಮಾಡ್ತಾರೆ ಅಂತ ಕೂತು ನೋಡಿದೆ. ಯೂರೋ 2000, ಅಂದ್ರೆ ಯುರೋಪ್ ದೇಶಗಳ ಕಪ್, ಬೆಲ್ಜಿಯಂ ನೆದರ್ಲೆಂಡ್ಸ್ ಸೇರಿ ಮಾಡಿದ್ದು, ಶುರು ಬ್ರಸೆಲ್ಸ್‌ನಲ್ಲಿ, ಫೈನಲ್ ರಾಟರ್‌ಡ್ಯಾಮ್‌ನಲ್ಲಿ. ಅದೇ ವರ್ಷ ಆಫ್ರಿಕಾ ಕಪ್ ಘಾನಾ ನೈಜೀರಿಯಾ ಮಾಡಿದ್ದು, ಶುರು ಅಕ್ರಾ, ಫೈನಲ್ ಲಾಗೋಸ್. 2002 ವಿಶ್ವಕಪ್ ಶುರು ಸೋಲ್, ಫೈನಲ್ ಯೊಕೊಹಾಮಾ. ಯೂರೋ 2008 ಬಾಸೆಲ್, ವಿಯೆನ್ನಾ. ಯೂರೋ 2012 ವಾರ್ಸಾ, ಕೀವ್. ಅದೇ ವರ್ಷದ ಆಫ್ರಿಕಾ ಕಪ್ ಈಕ್ವಟೋರಿಯಲ್ ಗಿನಿಯ ಬಾಟಾದಲ್ಲಿ ಶುರುವಾಗಿ ಗಬಾನ್‌ನ ಲಿಬ್ರೆವಿಲ್‌ನಲ್ಲಿ ಮುಗೀತು. 2023 ಮಹಿಳಾ ವಿಶ್ವಕಪ್ ಆಕ್ಲೆಂಡ್, ಸಿಡ್ನಿ. 2026ಕ್ಕೂ ಅದೇ ಸೂತ್ರ, ಮೆಕ್ಸಿಕೊ ಸಿಟಿಗೆ ಉದ್ಘಾಟನೆ, ನ್ಯೂಜೆರ್ಸಿಗೆ ಫೈನಲ್. ಈ ಪಟ್ಟೀಲಿ ಒಂದ್ಸಲಾನೂ ಎರಡೂ ಒಬ್ರಿಗೇ ಸಿಕ್ಕಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಉದ್ಘಾಟನಾ ಪಂದ್ಯ ಅನ್ನೋದು ನಿಜವಾಗ್ಲೂ ಗೌರವನಾ, ಇಲ್ಲಾ ಫೈನಲ್ ಸಿಗದೇ ಇದ್ದವರ ಮೂಗಿಗೆ ತುಪ್ಪ ಸವರೋದಾ?

ಬೆಂಚ್‌ಮೇಲಿದ್ದೋನು

ಮೊದಲ್ನೇ ತಪ್ಪು ನಾನೇ ಹಿಡೀತೀನಿ. "ಅಕ್ಕಪಕ್ಕದ ದೇಶ" ಅಂದ್ಬಿಟ್ಟು ಘಾನಾ ನೈಜೀರಿಯಾ ಹೇಳಿದೀರಲ್ಲ ಸ್ವಾಮಿ, ಮ್ಯಾಪ್ ತೆಗೆದು ನೋಡಿ, ನಡುವೆ ಟೋಗೊ, ಬೆನಿನ್ ಅಂತ ಎರಡು ದೇಶ ಆರಾಮಾಗಿ ಕೂತಿವೆ. ಅವರ ಮನೆ ಮುಂದೆ ಹಾದು ಹೋಗಿ ಮದುವೆ ಊಟ ಮಾಡ್ಕೊಂಡು ಬಂದಂಗೆ.

ಕಾರ್ನರ್‌ಕಿಕ್

ಹೌದು ಮಾರಾಯ, ಒಪ್ಕೊಂಡೆ 😅 ಅದು ಮೊದಲು ಜಿಂಬಾಬ್ವೆಗೆ ಕೊಟ್ಟಿದ್ದು, ಅವರ ಕೈಯಿಂದ ಕಿತ್ಕೊಂಡ ಮೇಲೆ ಅವಸರಕ್ಕೆ ಇವರಿಬ್ರಿಗೆ ಹಂಚಿದ್ದು.

ಹಳೇ_ಬೂಟು

ಒಳ್ಳೇ ಥ್ರೆಡ್. ಆದ್ರೆ ಇದರ ಬೇರು ಹುಡುಕ್ಬೇಕಂದ್ರೆ 2002ಕ್ಕೇ ಹೋಗ್ಬೇಕು. ಆ ಇಬ್ಬರೂ ಸೇರಿ ನಡೆಸ್ತೀವಿ ಅಂತ ಅರ್ಜಿ ಹಾಕಿದವರೇ ಅಲ್ಲ, ಅದು ತುಂಬಾ ಜನಕ್ಕೆ ಮರೆತೇ ಹೋಗಿದೆ. ಜಪಾನ್ ಬೇರೆ, ಕೊರಿಯಾ ಬೇರೆ, ಮೆಕ್ಸಿಕೊನೂ ಒಂದು ಕೈ ನೋಡಿತ್ತು. ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ಹಲ್ಲು ಕಡ್ಕೊಂಡು ಪ್ರಚಾರ ಮಾಡಿದ್ರು. ನಾವು ಎಷ್ಟೊಂದು ವಿಶ್ವಕಪ್ ಆಡಿದೀವಿ, ಜಪಾನ್ ಇನ್ನೂ ಒಂದೂ ಆಡಿಲ್ಲ, ಅವರಿಗ್ಯಾಕೆ ಅನ್ನೋದು ಕೊರಿಯಾದವರ ವಾದ, ಮತ್ತೆ ಅದು ಆಗ ನಿಜಾನೇ, ಜಪಾನ್ ಮೊದಲ ಸಲ ವಿಶ್ವಕಪ್‌ಗೆ ಹೋಗಿದ್ದು 1998ರಲ್ಲಿ. ಇದರ ಮೇಲೆ 1910ರಿಂದ 1945ರವರೆಗೆ ಜಪಾನ್ ಕೊರಿಯಾನ ಆಳಿದ ಇತಿಹಾಸ ಬೇರೆ ಇದೆ. ಕೊನೆಗೆ 1996ರ ಮೇ 31ಕ್ಕೆ ಫಿಫಾದವರು ಇಬ್ಬರನ್ನೂ ಕೂರಿಸಿ, ಸೇರಿ ಮಾಡ್ಕೊಳಿ ಅಂದ್ಬಿಟ್ರು. ಹಾವೂ ಸಾಯ್ಬಾರ್ದು ಕೋಲೂ ಮುರೀಬಾರ್ದು, ಅಷ್ಟೇ. ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಜೋಡಿನ ಒಂದೇ ನೊಗಕ್ಕೆ ಕಟ್ಟಿದಂಗೆ.

ಆಮೇಲೆ ಶುರುವಾಯ್ತು ನೋಡಿ ಹೆಸರಿನ ಜಗಳ. ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಜಪಾನ್ ಮೊದಲು ಬರ್ಬೇಕು, ಜೆ ಆದ್ಮೇಲೆ ತಾನೇ ಕೆ. ಫ್ರೆಂಚ್‌ನಲ್ಲಿ ಬರೆದ್ರೆ ಕೊರಿಯಾ "ಸಿ" ಅಕ್ಷರದಿಂದ ಶುರುವಾಗುತ್ತೆ, ಆಗ ಕೊರಿಯಾನೇ ಮೊದಲು. ಕೊನೆಗೆ ಆದ ಒಪ್ಪಂದ ಏನಂದ್ರೆ ಅಧಿಕೃತ ಹೆಸರಲ್ಲಿ ಕೊರಿಯಾ ಮುಂದೆ, ಫೈನಲ್ ಜಪಾನ್‌ಗೆ. ಉದ್ಘಾಟನೆನೂ ಕೊರಿಯಾಗೇ ಹೋಯ್ತು. ಅಂದ್ರೆ ಒಂದು ಫೈನಲ್ ತೂಕಕ್ಕೆ ಉದ್ಘಾಟನೆ, ಅದರ ಮೇಲೆ ಹೆಸರಲ್ಲಿ ಮೊದಲ ಜಾಗ, ಎರಡನ್ನೂ ತಕ್ಕಡೀಲಿ ಹಾಕಿದ್ರು. ಇಷ್ಟಾದ್ರೂ ಜಪಾನಲ್ಲಿ ಮಾತಾಡುವಾಗ "ನಿಕ್ಕಾನ್" ಅಂತಾನೇ ಅಂತಾರೆ, ಅಂದ್ರೆ ಜಪಾನ್-ಕೊರಿಯಾ. ಕೊರಿಯಾದಲ್ಲಿ "ಹಾನಿಲ್", ಕೊರಿಯಾ-ಜಪಾನ್. ತಂತಮ್ಮ ಮನೇಲಿ ತಾವೇ ಯಜಮಾನ್ರು.

ಹಂಗಾಗಿ ಕಾರ್ನರ್‌ಕಿಕ್ ಅವ್ರೇ, ತುಪ್ಪ ಸವರೋದು ಅಂತೀರಲ್ಲ, ಆ ತುಪ್ಪಕ್ಕೆ ಇಷ್ಟು ಹೊಡೆದಾಟ ಆಗುತ್ತೆ ಅಂದ್ರೆ ಅದು ಬರೀ ತುಪ್ಪ ಅಲ್ಲ.

ಎಂಟನೇ ನಂಬರ್

> ಹಾವೂ ಸಾಯ್ಬಾರ್ದು ಕೋಲೂ ಮುರೀಬಾರ್ದು

ಒಂದು ಸೇರಿಸ್ತೀನಿ. ಆ 2002ರ ಪಂದ್ಯಗಳನ್ನ ಹಂಚಿದ ರೀತಿ ನನಗೆ ಇವತ್ತಿಗೂ ಇಷ್ಟ. 20 ಸ್ಟೇಡಿಯಂ, ಅಲ್ಲಿ 10 ಇಲ್ಲಿ 10. 64 ಪಂದ್ಯ, 32 ಅಲ್ಲಿ 32 ಇಲ್ಲಿ. ಮೊದಲ ನಾಲ್ಕು ಗ್ರೂಪ್ ಕೊರಿಯಾದಲ್ಲಿ, ಉಳಿದ ನಾಲ್ಕು ಜಪಾನ್‌ನಲ್ಲಿ. ನಾಕೌಟ್ ಬಂದಾಗ ಹಲವು ಟೀಮು ಸಮುದ್ರ ದಾಟಿದ್ವು. ಬ್ರೆಜಿಲ್ ಗ್ರೂಪ್ ಮ್ಯಾಚ್ ಮೂರೂ ಕೊರಿಯಾದಲ್ಲಿ ಆಡಿ ಆಮೇಲೆ ಕೋಬೆ, ಶಿಜುವೊಕಾ, ಸೈತಾಮಾ, ಯೊಕೊಹಾಮಾ. ಜರ್ಮನಿ ಉಲ್ಟಾ, ಜಪಾನ್‌ನ ಸಪೊರೊದಲ್ಲಿ ಸೌದಿಗೆ 8-0 ಹೊಡೆದು ಶುರು ಮಾಡಿ, ನಾಕೌಟ್‌ಗೆ ಕೊರಿಯಾಗೆ ಹೋಗಿ, ಸೋಲ್ ಸೆಮಿಫೈನಲ್‌ನಲ್ಲಿ ಕೊರಿಯಾನ ಬಾಲಾಕ್ ಗೋಲಲ್ಲಿ 1-0 ಸೋಲಿಸಿ, ಮತ್ತೆ ಯೊಕೊಹಾಮಾಗೆ ವಾಪಸ್ ಬಂತು.

ಈಗ ಒಂದು ಕ್ಷಣ ಯೋಚ್ನೆ ಮಾಡಿ, ಆ ಸೆಮಿಫೈನಲ್ ಕೊರಿಯಾ ಗೆದ್ದಿದ್ರೆ? ಜಪಾನ್ ಆಗ್ಲೇ ಮನೆಗೆ ಹೋಗಿತ್ತು. ಜಪಾನ್ ಜಗಳ ಆಡಿ ಇಟ್ಕೊಂಡ ಫೈನಲ್‌ನಲ್ಲಿ, ಜಪಾನ್ ನೆಲದಲ್ಲಿ ಕೊರಿಯಾ ಆಡ್ತಿತ್ತು. ಪಾಲುಪಟ್ಟಿ ಬರೆದವರು ಇದನ್ನ ಯೋಚ್ನೆ ಮಾಡಿದ್ರೋ ಇಲ್ವೋ.

ಮಧ್ಯರಾತ್ರಿ ಪ್ರೇಕ್ಷಕ

2002 ಜೂನ್ 18 ನೆನಪಿದ್ಯಾ ಯಾರಿಗಾದ್ರೂ? ಇಬ್ಬರು ಆತಿಥೇಯರ ನಾಕೌಟ್ ಒಂದೇ ದಿನ. ಮಿಯಾಗಿನಲ್ಲಿ ಮಳೆ ಹೊಡೀತಾ ಇತ್ತು, 12ನೇ ನಿಮಿಷಕ್ಕೆ ಟರ್ಕಿಯ ಉಮಿತ್ ದಾವಲಾ ಕಾರ್ನರ್‌ಗೆ ಹೆಡ್ ಮಾಡಿ ಗೋಲ್ ಹೊಡೆದ, ಆಮೇಲೆ ಜಪಾನ್ ಎಷ್ಟು ಗುದ್ದಾಡಿದ್ರೂ ಬಾಗಿಲು ತೆಗೀಲಿಲ್ಲ, 1-0. ಅದು ಮುಗಿದು ಕೆಲವೇ ಗಂಟೆಗೆ ದೇಜಾನ್‌ನಲ್ಲಿ ಕೊರಿಯಾ ಇಟಲಿ. ಅಹ್ನ್ ಜುಂಗ್ ಹ್ವಾನ್ ಮೊದಲು ಪೆನಾಲ್ಟಿ ಮಿಸ್ ಮಾಡಿದ, 88ನೇ ನಿಮಿಷಕ್ಕೆ ಸೋಲ್ ಕಿ ಹ್ಯುನ್ ಸಮ ಮಾಡಿದ, ಎಕ್ಸ್‌ಟ್ರಾ ಟೈಮ್ 117ನೇ ನಿಮಿಷದಲ್ಲಿ ಅದೇ ಅಹ್ನ್ ಗೋಲ್ಡನ್ ಗೋಲ್, ಹೊಡೆದ ಕ್ಷಣಕ್ಕೇ ಮ್ಯಾಚ್ ಮುಗಿಯೋ ಗೋಲು. ಒಂದೇ ವಿಶ್ವಕಪ್ಪು, ಒಂದೇ ದಿನ, ಒಂದು ಮನೇಲಿ ಸೂತಕ ಇನ್ನೊಂದು ಮನೇಲಿ ಹಬ್ಬ. ಜಂಟಿ ಆತಿಥ್ಯ ಅಂದ್ರೆ ನನಗೆ ಮೊದಲು ನೆನಪಾಗೋದೇ ಆ ದಿನ.

ಸಡನ್‌ಡೆತ್

ರೆಫ್ರಿ ಬಗ್ಗೆ ಯಾರೂ ಮಾತಾಡಾಕತ್ತಿಲ್ಲ ಅಲ್ರೀ? ಇಟಲಿಯ ಟೊಟ್ಟಿಗೆ ಎರಡನೇ ಹಳದಿ ಕಾರ್ಡ್ ಕೊಟ್ಟು ಹೊರಗ ಹಾಕಿದ್ದು, ಮುಂದಿನ ಮ್ಯಾಚಿನ್ಯಾಗ ಸ್ಪೇನ್‌ನ ಗೋಲ್ ರದ್ದು ಮಾಡಿದ್ದು. ಇವತ್ತಿಗೂ ಇಟಲಿ ಮಂದಿ ಮುಂದ ಅವರ ಮ್ಯಾಚಿನ ರೆಫ್ರಿ ಹೆಸರು ಎತ್ತಂಗಿಲ್ಲ.

ಮಾಡರೇಟರ್

2002ರ ರೆಫ್ರಿ ಚರ್ಚೆಗೆ ಬೇರೆ ಥ್ರೆಡ್ ಇದೆ, ನೂರಾರು ಪುಟ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಆತಿಥ್ಯದ ವಿಷಯ ಮಾತ್ರ. ಮತ್ತೆ ಯಾರೋ ಕ್ರಿಕೆಟ್ ಎಳೀತಿದ್ರು, ಆ ಎರಡು ಪೋಸ್ಟ್ ತೆಗೆದಿದೀನಿ.

ಎಂಟನೇ ನಂಬರ್

ಫೈನಲ್ ಯಾರಿಗೆ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ, ಫೈನಲ್‌ವರೆಗೆ ಆತಿಥೇಯರು ಇರ್ತಾರಾ? ಯೂರೋ 2000, 2008, 2012, ಮೂರು ಟೂರ್ನಮೆಂಟ್, ಒಟ್ಟು ಆರು ಆತಿಥೇಯರು. ಬೆಲ್ಜಿಯಂ ಗ್ರೂಪ್‌ನಲ್ಲೇ ಔಟ್. ಆಸ್ಟ್ರಿಯಾ ಔಟ್. ಸ್ವಿಟ್ಜರ್ಲೆಂಡ್ ಔಟ್. ಪೋಲೆಂಡ್ ಔಟ್. ಉಕ್ರೇನ್ ಔಟ್. ಉಳಿದಿದ್ದು ನೆದರ್ಲೆಂಡ್ಸ್ ಒಂದೇ, ಅವರೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಟಲಿ ವಿರುದ್ಧ ಸೆಮಿಫೈನಲ್‌ನಲ್ಲಿ ಎರಡು ಪೆನಾಲ್ಟಿ ಆಟದ ಮಧ್ಯೆ ಹಾಳು ಮಾಡ್ಕೊಂಡು, ಶೂಟೌಟ್‌ನಲ್ಲಿ ಇನ್ನೂ ಮೂರು ಹಾಳು ಮಾಡ್ಕೊಂಡು, ಅಂದ್ರೆ ಒಂದೇ ಸಂಜೆ ಐದು, ಹತ್ತು ಜನರ ಇಟಲಿ ಕೈಲಿ ಸೋತು ಕೂತ್ರು. ಫ್ರಾಂಕ್ ಡಿ ಬೋರ್ ಒಬ್ಬನೇ ಎರಡು. ಇಟಲಿ ಗೋಲ್‌ಕೀಪರ್ ತೊಲ್ಡೊ ಆವತ್ತು ಗೋಡೆ ಆಗಿದ್ದ.

ಅರ್ಹತಾ ಸುತ್ತು ಆಡದೇ ನೇರ ಬರ್ತಾರೆ, ಎರಡು ವರ್ಷ ಬರೀ ಸ್ನೇಹಪೂರ್ವಕ ಪಂದ್ಯ ಆಡಿ ಆಡಿ ಹಲ್ಲು ಮೊಂಡಾಗಿರುತ್ತೆ ಅನ್ನೋದು ನನ್ನ ಅಂದಾಜು. 16 ಟೀಮಿನ ಟೂರ್ನಮೆಂಟ್‌ನಲ್ಲಿ ಎರಡು ಸೀಟು ಹೀಗೆ ಕೊಟ್ರೆ ಎಂಟರಲ್ಲಿ ಒಂದು ಪಾಲು ಹೋಯ್ತಲ್ಲ. ಯೂರೋ 2028ಕ್ಕೆ ಈ ಪಾಠ ಕಲಿತಂಗಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಅರ್ಹತಾ ಸುತ್ತು ಆಡ್ಬೇಕು, ಅಲ್ಲಿ ಬಿದ್ದವರಲ್ಲಿ ಹೆಚ್ಚಂದ್ರೆ ಇಬ್ಬರಿಗೆ ಮೀಸಲು ಜಾಗ. ಇದು ಸರಿಯಾದ ದಾರಿ.

ಸಡನ್‌ಡೆತ್

ಯುರೋಪ್ ಅಷ್ಟ ನೋಡಿ ತೀರ್ಪು ಕೊಡಬ್ಯಾಡ್ರಿ. 2012ರ ಆಫ್ರಿಕಾ ಕಪ್ಪಿನ್ಯಾಗ ಗಬಾನ್, ಈಕ್ವಟೋರಿಯಲ್ ಗಿನಿ ಇಬ್ಬರೂ ಕ್ವಾರ್ಟರ್‌ಫೈನಲ್ ಮುಟ್ಯಾರ. ಈಕ್ವಟೋರಿಯಲ್ ಗಿನಿ ಮೊದಲು ಎಂದೂ ಆ ಟೂರ್ನಮೆಂಟ್ ಆಡಿದ್ದಿಲ್ಲ, ತಿಳೀತಾ. ಇನ್ನ 2007ರ ಏಷ್ಯಾ ಕಪ್ ನೋಡ್ರಿ, ನಾಲ್ಕು ದೇಶ ಕೂಡಿ ಮಾಡಿದ್ದು, ಇಂಡೊನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ. ಮಲೇಷ್ಯಾ ಪಾಪ, ಚೀನಾ ಕೈಲೆ 5-1, ಉಜ್ಬೇಕಿಸ್ತಾನ ಕೈಲೆ 5-0, ಇರಾನ್ ಕೈಲೆ 2-0. ಆದ್ರ ವಿಯೆಟ್ನಾಂ ಮುಂದ ಹೋತು. ಹೋಗಿ ಏನಾತು? ಕ್ವಾರ್ಟರ್‌ಫೈನಲ್ ಆಡಾಕ ಹನೋಯ್ ಬಿಟ್ಟು ಬ್ಯಾಂಕಾಕ್‌ಗೆ ಹೋಗಬೇಕಾತು. ತಾನೇ ಆತಿಥೇಯ, ಆದ್ರ ಪರದೇಶದಾಗ ಆಡೂದು. ಇರಾಕ್ ವಿರುದ್ಧ 2-0 ಸೋಲು.

ಆ ಇರಾಕ್ ಟೀಮಿಗೆ ತನ್ನ ದೇಶದಾಗ ಮ್ಯಾಚ್ ಆಡೂ ಪರಿಸ್ಥಿತಿನೇ ಇರಲಿಲ್ಲ. ಬ್ಯಾಂಕಾಕ್, ಕೌಲಾಲಂಪುರ, ಜಕಾರ್ತಾ ಅಂತ ಊರಿಂದ ಊರಿಗೆ ಹಾದು, ಕಡೀಕ ಯೂನಿಸ್ ಮಹಮೂದ್ ತಲಿ ಕೊಟ್ಟ ಸೌದಿ ಮ್ಯಾಲ 1-0, ಕಪ್ ಎತ್ತಿದ್ರು. ನಾಲ್ಕು ಮಂದಿ ಆತಿಥೇಯರು, ಗೆದ್ದಾಂವ ಮನಿನೇ ಇಲ್ಲದಾಂವ.

ಕಾರ್ನರ್‌ಕಿಕ್

ವಿಯೆಟ್ನಾಂ ವಿಷಯ ಗೊತ್ತಿರ್ಲಿಲ್ಲ, ಒಳ್ಳೇ ಪಾಯಿಂಟು. ಆತಿಥೇಯ ತಂಡನೇ ವೀಸಾ ತಗೊಂಡು ಕ್ವಾರ್ಟರ್‌ಫೈನಲ್‌ಗೆ ಹೋಗೋದು 😂

ಬೆಂಚ್‌ಮೇಲಿದ್ದೋನು

ನನಗೆ ಮ್ಯಾಸ್ಕಾಟ್ ನೋಡಿದ್ರೇನೇ ಗೊತ್ತಾಗುತ್ತೆ ಸಂಬಂಧ ಹೆಂಗಿದೆ ಅಂತ. ಯೂರೋ 2008ರಲ್ಲಿ ಅವಳಿಜವಳಿ, ಟ್ರಿಕ್ಸ್ ಮತ್ತೆ ಫ್ಲಿಕ್ಸ್. 2012ರಲ್ಲೂ ಅವಳಿಜವಳಿ, ಸ್ಲಾವೆಕ್ ಸ್ಲಾವ್ಕೊ. 2000ದಲ್ಲಿ ಮಾತ್ರ ಒಂದೇ ಪ್ರಾಣಿ, ಬೆನೆಲಕಿ ಅಂತ, ಅರ್ಧ ಸಿಂಹ ಅರ್ಧ ದೆವ್ವ. ಸಿಂಹ ಡಚ್ಚರದ್ದು, ದೆವ್ವ ಬೆಲ್ಜಿಯಂ ಟೀಮಿನ ಅಡ್ಡಹೆಸರು. ಕೊರಿಯಾ ಜಪಾನ್‌ಗೆ ಮಾತ್ರ ಪ್ರಾಣಿನೂ ಬೇಡ ಮನುಷ್ಯನೂ ಬೇಡ ಅಂತ ಯಾವುದೋ ಬೇರೆ ಗ್ರಹದ ಮೂರು ಗೊಂಬೆ. ಯಾರ ಕಡೆಯವರೂ ಅಲ್ಲ!

ಟಿಕೆಟ್ ಸಿಗದವ

2012ರಲ್ಲಿ ನಾನು ಹೋಗಿದ್ದೆ ಮಾರಾಯ್ರೇ, ಸ್ವಲ್ಪ ಬರೀತೇನೆ. ಟಿಕೆಟ್ ಕೊನೆಗೂ ಒಂದೇ ಮ್ಯಾಚ್‌ಗೆ ಸಿಕ್ಕಿದ್ದು, ಹೆಸರು ನೋಡಿ ನಗಬೇಡಿ. ಪೋಲೆಂಡ್ ಷೆಂಗನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಕೂಟ) ಒಳಗೆ, ಉಕ್ರೇನ್ ಹೊರಗೆ, ಹಾಗಾಗಿ ನನ್ನಂಥವರಿಗೆ ಎರಡು ವೀಸಾ. ಒಂದೇ ಟೂರ್ನಮೆಂಟ್ ಅಂತ ಪೋಸ್ಟರ್‌ನಲ್ಲಿ ಇರ್ತದೆ, ಪಾಸ್‌ಪೋರ್ಟ್‌ನಲ್ಲಿ ಎರಡು. ಗಡಿಯಾರ ಕೂಡ ಬೇರೆ, ಗಡಿ ದಾಟಿದ್ರೆ ಒಂದು ಗಂಟೆ ಮುಂದೆ. ವಾರ್ಸಾದಲ್ಲಿ ರಾತ್ರಿ 8:45ಕ್ಕೆ ಶುರುವಾಗೋ ಮ್ಯಾಚ್ ಕೀವ್‌ನಲ್ಲಿ 9:45.

ನಾನು ರಾತ್ರಿ ರೈಲಲ್ಲಿ ಹೋದದ್ದು. ಗಡಿ ಸ್ಟೇಷನ್‌ನಲ್ಲಿ ನಿದ್ದೆಗಣ್ಣಲ್ಲಿ ಇರುವಾಗ ಢಣ್ ಅಂತ ಸದ್ದು, ಬೋಗಿ ಅಲ್ಲಾಡ್ತಾ ಇದೆ. ಕಿಟಕಿಯಿಂದ ನೋಡಿದ್ರೆ ನೆಲ ಕೆಳಗೆ ಹೋಗ್ತಾ ಇದೆ! ಆಮೇಲೆ ಗೊತ್ತಾಯ್ತು, ನೆಲ ಅಲ್ಲ, ನಮ್ಮ ಬೋಗಿನೇ ಜಾಕ್ ಕೊಟ್ಟು ಮೇಲೆ ಎತ್ತುತ್ತಾ ಇದ್ರು. ಪೋಲೆಂಡ್ ಹಳಿ ಅಗಲ 1435 ಮಿಲಿಮೀಟರ್, ಉಕ್ರೇನ್ ಹಳಿ 1520. ಕೆಳಗಿನ ಚಕ್ರದ ಗಾಡಿ ಪೂರ್ತಿ ತೆಗ್ದು ಬೇರೆ ಹಾಕಿದ್ರು, ನಾವು ಬರ್ತ್ ಮೇಲೆ ಮಲಗಿದ ಹಾಗೇ. ಎಣ್ಣೆ ಮೆತ್ತಿದ ಕೈಯ ಒಬ್ಬ ಕೆಲಸಗಾರ ಕೆಳಗಿಂದ ನಮ್ಮ ಕಿಟಕಿಲಿದ್ದ ಪೋಲೆಂಡ್ ಸ್ಕಾರ್ಫ್ ನೋಡಿ ಬೆರಳಲ್ಲಿ ಎರಡು ಒಂದು ಅಂತ ತೋರಿಸಿ ನಕ್ಕ. ಉಕ್ರೇನ್‌ನ ಶೆವ್ಚೆಂಕೊ ಎರಡು ಹೆಡರ್ ಹೊಡೆದು ಸ್ವೀಡನ್‌ನ 2-1 ಸೋಲಿಸಿದ್ದು ಹಿಂದಿನ ರಾತ್ರಿ ಮಾತ್ರ. ನಂಗೆ ಆ ಟೂರ್ನಮೆಂಟ್‌ನ ಯಾವ ಗೋಲಿಗಿಂತ ಆ ಚಕ್ರ ಬದಲಾಯಿಸಿದ್ದೇ ಹೆಚ್ಚು ನೆನಪು.

ಮತ್ತೆ ಒಂದು ತಮಾಷೆ. ಇಂಗ್ಲೆಂಡ್ ಟೀಮು ಉಳ್ಕೊಂಡದ್ದು ಪೋಲೆಂಡ್‌ನ ಕ್ರಾಕೊವ್‌ನಲ್ಲಿ. ಆಡಿದ ನಾಲ್ಕು ಮ್ಯಾಚೂ ಉಕ್ರೇನ್‌ನಲ್ಲಿ. ಮಲಗೋದೊಂದು ದೇಶ, ಆಡೋದೊಂದು ದೇಶ. ಕ್ರಾಕೊವ್‌ಗೆ ಒಂದೂ ಮ್ಯಾಚ್ ಸಿಕ್ಕಿರಲಿಲ್ಲ, ಆದ್ರೆ ಡಚ್ ಟೀಮೂ ಅಲ್ಲೇ ಇದ್ದದ್ದು.

ಹಳೇ_ಬೂಟು

ಟಿಕೆಟ್ ಸಿಗದವರ ಚಕ್ರದ ಕತೆ ಈ ಥ್ರೆಡ್‌ನಲ್ಲೇ ಬೆಸ್ಟು. ಅದೇ ಟೂರ್ನಮೆಂಟ್‌ನ ಡೊನೆಟ್ಸ್ಕ್ ಸ್ಟೇಡಿಯಂ ನೆನಪಿಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಡಾನ್‌ಬಾಸ್ ಅರೆನಾ, ಅಲ್ಲಿ ಸೆಮಿಫೈನಲ್ ಆಗಿತ್ತು, ಸ್ಪೇನ್ ಪೋರ್ಚುಗಲ್. ಎರಡು ವರ್ಷ ಆಗೋದ್ರಲ್ಲಿ ಯುದ್ಧ ಬಂತು, 2014ರಲ್ಲಿ ಶೆಲ್ ಬಿದ್ದು ಹಾಳಾಯ್ತು. ಆ ಊರಿನ ಶಾಖ್ತಾರ್ ಕ್ಲಬ್ ಅವತ್ತಿಂದ ತನ್ನ ಮನೇಲಿ ಒಂದು ಮ್ಯಾಚ್ ಆಡಿಲ್ಲ.

ಮಧ್ಯರಾತ್ರಿ ಪ್ರೇಕ್ಷಕ

ಜಂಟಿ ಆತಿಥ್ಯದಲ್ಲಿ ಟಿವಿ ಮುಂದೆ ಕೂತವನಿಗೂ ಏಟು ಬೀಳುತ್ತೆ, ಅದನ್ನೂ ಬರ್ಕೊಳಿ. ಯೂರೋ 2008 ಸೆಮಿಫೈನಲ್, ಜರ್ಮನಿ ಟರ್ಕಿ, ಮ್ಯಾಚ್ ಇದ್ದದ್ದು ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ. ಪ್ರಸಾರ ಕೇಂದ್ರ ಇದ್ದದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಆವತ್ತು ರಾತ್ರಿ ವಿಯೆನ್ನಾದಲ್ಲಿ ಗುಡುಗು ಸಿಡಿಲು, ಕರೆಂಟ್ ಕೈ ಕೊಡ್ತು. ಬಾಸೆಲ್‌ನಲ್ಲಿ ಆಟಗಾರರು ಆರಾಮಾಗಿ ಆಡ್ತಾ ಇದಾರೆ, ಪ್ರಪಂಚದಾದ್ಯಂತ ಟಿವಿ ಕಪ್ಪು. ಅದೂ ಎರಡನೇ ಅರ್ಧದಲ್ಲಿ, ಒಂದಲ್ಲ ಹಲವು ಸಲ. ನಾನು ನಮ್ಮ ಟಿವಿನೇ ಕೆಟ್ಟಿತು ಅಂತ ಎದ್ದು ಹಿಂದಿನ ವೈರ್ ಎಲ್ಲಾ ಕಿತ್ತು ಮತ್ತೆ ಸಿಕ್ಕಿಸಿದೆ, ಆ ವೈರ್‌ಗಳಲ್ಲಿ ಒಂದು ನಿಜವಾಗ್ಲೂ ಮುರಿದು ಕೈಗೆ ಬಂತು, ಕೊನೇ ನಿಮಿಷದ ಲಾಮ್ ಗೋಲು ನಾನು ನೋಡಿದ್ದು ಮರುದಿನ. ತಪ್ಪು ವಿಯೆನ್ನಾ ಮಳೇದಾ ನಂದಾ ಅಂತ ಮನೇಲಿ ಇನ್ನೂ ಇತ್ಯರ್ಥ ಆಗಿಲ್ಲ. ಸ್ವಿಸ್ ಟಿವಿಯವರು ಮಾತ್ರ ಜಾಣರು, ತಮ್ಮ ನೆಲದಲ್ಲಿ ನಡೆಯೋ ಮ್ಯಾಚನ್ನ ತಮ್ಮದೇ ಲೈನ್‌ನಲ್ಲಿ ನೇರ ತಗೋತಿದ್ರು, ಜರ್ಮನ್ ಚಾನೆಲ್‌ನವರು ಕೊನೆಗೆ ಅವರ ಹತ್ರ ಸಿಗ್ನಲ್ ಕಡ ತಗೊಂಡ್ರು.

ಲೈನ್ಸ್‌ವುಮನ್

ಲೇಟಾಗಿ ಬಂದೆ. ಉದ್ಘಾಟನೆ ಅಂದ್ರೆ ಮೂಗಿಗೆ ತುಪ್ಪ ಅಂತ ಬರೆದಿದೀರಲ್ಲ, 2023ರ ನ್ಯೂಜಿಲೆಂಡ್ ಹುಡುಗೀರನ್ನ ಕೇಳಿ ನೋಡಿ. ಅದಕ್ಕೆ ಮುಂಚೆ ಐದು ವಿಶ್ವಕಪ್, 15 ಪಂದ್ಯ, ಗೆಲುವು ಸೊನ್ನೆ. ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ 42 ಸಾವಿರಕ್ಕೂ ಹೆಚ್ಚು ಜನ, ಎದುರಿಗೆ ಒಂದ್ಸಲ ವಿಶ್ವಕಪ್ ಗೆದ್ದಿರೋ ನಾರ್ವೆ, 48ನೇ ನಿಮಿಷ ಹನ್ನಾ ವಿಲ್ಕಿನ್ಸನ್ ಗೋಲು. ಕೊನೇಲಿ ನ್ಯೂಜಿಲೆಂಡ್‌ನವರೇ ಒಂದು ಪೆನಾಲ್ಟಿ ಬೇರೆ ಬಾರ್‌ಗೆ ಹೊಡ್ಕೊಂಡ್ರು, ನನ್ನ ಉಸಿರು ಗಂಟಲಲ್ಲೇ ಇತ್ತು. 1-0. ಮೊದಲ ಗೆಲುವು, ತಮ್ಮ ನೆಲದಲ್ಲಿ, ಟೂರ್ನಮೆಂಟ್‌ನ ಮೊದಲ ಪಂದ್ಯದಲ್ಲಿ. ಆಮೇಲೆ ಫಿಲಿಪ್ಪೀನ್ಸ್ ಕೈಲಿ ಸೋತ್ರು, ಸ್ವಿಟ್ಜರ್ಲೆಂಡ್ ಜೊತೆ 0-0, ಗೋಲು ವ್ಯತ್ಯಾಸದಲ್ಲಿ ಹೊರಗೆ. ಸಿಡ್ನಿ ಫೈನಲ್‌ನಲ್ಲಿ ಆಸ್ಟ್ರೇಲಿಯಾನೂ ಇರ್ಲಿಲ್ಲ, ಸ್ಪೇನ್ ಇಂಗ್ಲೆಂಡ್ ಆಡಿದ್ರು. ಈಗ ಹೇಳಿ, ಆತಿಥೇಯ ತಂಡ ಖಂಡಿತ ಆಡೋ ಮ್ಯಾಚ್ ಯಾವುದು? ಉದ್ಘಾಟನೆ. ಫೈನಲ್ ಸಿಕ್ಕಿದವರಿಗೆ ಸಿಗೋದು ಸ್ಟೇಡಿಯಂ ಬಾಡಿಗೆಗೆ ಕೊಟ್ಟಂಗೆ, ಬೇರೆಯವರ ಮದುವೆಗೆ ಛತ್ರ ಬಿಟ್ಕೊಟ್ಟಂಗೆ.

ಕಾರ್ನರ್‌ಕಿಕ್

ಛತ್ರ! 🙏 ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಕೂತು ನೋಡಿದೆ, ನನ್ನ ಪಟ್ಟೀಲಿರೋ ಮುಗಿದ ಟೂರ್ನಮೆಂಟ್‌ಗಳಲ್ಲಿ ತನ್ನ ನೆಲದ ಫೈನಲ್‌ನಲ್ಲಿ ಆಡಿದ ಜಂಟಿ ಆತಿಥೇಯ ಒಬ್ಬನೇ, 2000ದ ನೈಜೀರಿಯಾ. ಅದೂ ಕ್ಯಾಮರೂನ್ ವಿರುದ್ಧ 2-2 ಆಗಿ ಪೆನಾಲ್ಟೀಲಿ ಸೋತಿದ್ದು. ನೈಜೀರಿಯಾದ ಇಕ್ಪೆಬಾ ಹೊಡೆದದ್ದು ಬಾರ್‌ಗೆ ತಗಲಿ ಗೆರೆ ಒಳಗೆ ಬಿದ್ದು ಹೊರಗೆ ಬಂತು, ಗೋಲು ಕೊಡ್ಲಿಲ್ಲ.

ಸಡನ್‌ಡೆತ್

ಛತ್ರ ಬಿಟ್ಟುಕೊಟ್ಟಿದ್ದ ಒಮ್ಮೆ ಭಾಳ ದೊಡ್ಡ ಪುಣ್ಯ ಆಗೇತಿ, ಹೇಳ್ತೀನಿ ಕೇಳ್ರಿ. 1993ರ ಏಪ್ರಿಲ್‌ನ್ಯಾಗ ಜಾಂಬಿಯಾ ಟೀಮಿನ ವಿಮಾನ ಗಬಾನ್‌ನ ಲಿಬ್ರೆವಿಲ್‌ನಿಂದ ಎದ್ದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕ ಬಿತ್ತು. ಆಟಗಾರರು 18 ಮಂದಿ, ಒಟ್ಟು 30 ಜನ, ಒಬ್ಬರೂ ಉಳೀಲಿಲ್ಲ. ಕಲುಷಾ ಬ್ವಾಲ್ಯಾ ಯುರೋಪಿನ್ಯಾಗ ಕ್ಲಬ್ಬಿಗೆ ಆಡ್ತಿದ್ದ, ಬ್ಯಾರೆ ವಿಮಾನಕ್ಕ ಬರಾಂವ ಇದ್ದ, ಅದಕ್ಕ ಉಳಕೊಂಡ.

19 ವರ್ಷ ಆದ ಮ್ಯಾಲ ಆಫ್ರಿಕಾ ಕಪ್ ಗಬಾನ್‌ಗೆ ಬಂತು, ಆದ್ರ ಅರ್ಧ. ಜಾಂಬಿಯಾದ ಗ್ರೂಪ್ ಪೂರಾ ಆ ಕಡಿ, ಈಕ್ವಟೋರಿಯಲ್ ಗಿನಿಯೊಳಗ. ಕ್ವಾರ್ಟರ್‌ಫೈನಲ್ ಬಾಟಾದಾಗ, ಸೆಮಿಫೈನಲ್ನೂ ಬಾಟಾದಾಗ. ಅಂದ್ರ ಲಿಬ್ರೆವಿಲ್‌ನ್ಯಾಗ ಆಡಬೇಕಂದ್ರ ಅವರಿಗೆ ಒಂದ ದಾರಿ, ಫೈನಲ್ ಮುಟ್ಟೂದು. ಸೆಮಿಫೈನಲ್‌ನ್ಯಾಗ ಘಾನಾ ಕೆಡವಿದ್ರು, ಮುಟ್ಟಿದ್ರು. ಮ್ಯಾಚಿಗಿಂತ ಮೊದಲ ಪೂರಾ ಟೀಮು ಆ ದಂಡಿಗೆ ಹೋಗಿ ಸಮುದ್ರಕ್ಕ ಹೂ ಹಾಕಿತು. ಕಲುಷಾ ಅವಾಗ ಅವರ ಫುಟ್‌ಬಾಲ್ ಸಂಸ್ಥೆ ಅಧ್ಯಕ್ಷ, ಅವನೂ ಇದ್ದ. ಎದುರಿಗೆ ದ್ರೋಗ್ಬಾನ ಐವರಿ ಕೋಸ್ಟ್, ದ್ರೋಗ್ಬಾ ಪೆನಾಲ್ಟಿ ಮ್ಯಾಲ ಹಾರಿಸಿದ, 120 ನಿಮಿಷ 0-0, ಶೂಟೌಟ್ 8-7, ಸುಂಜು ಹೊಡೆದದ್ದು ಕಡೀದು. ಗಾಯ ಆಗಿ ನಡೀಲಿಕ್ಕೆ ಬರದ ಮುಸೊಂಡಾನ್ನ ಕೋಚ್ ರೆನಾರ್ ಎರಡೂ ಕೈಯಾಗ ಎತ್ತಿಕೊಂಡು ಎಲ್ಲಾರೂ ಕುಣಿಯೂ ಕಡೆ ಒಯ್ದ.

ಒಂದ ದೇಶದಾಗ ಟೂರ್ನಮೆಂಟ್ ಇದ್ದಿದ್ರ ಅವರು ಮೊದಲ ದಿನಾನ ಲಿಬ್ರೆವಿಲ್‌ನ್ಯಾಗ ಇರ್ತಿದ್ರೇನೋ. ನಡುವ ಗಡಿ ಇತ್ತು, ಅದನ್ನ ಗೆದ್ದು ದಾಟಬೇಕಾಗಿತ್ತು.

ಟಿಕೆಟ್ ಸಿಗದವ

ಇದನ್ನ ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡ್ಲಿಕ್ಕೆ ಆಗ್ಲಿಲ್ಲ.

ಎಂಟನೇ ನಂಬರ್

ಸಡನ್‌ಡೆತ್ ಅವ್ರೇ, ಸೆಲ್ಯೂಟ್.

ಮತ್ತೆ ಲೆಕ್ಕಕ್ಕೆ ಬರ್ತೀನಿ, ಕ್ಷಮಿಸಿ, ನಾನು ಅಂಥವನೇ. 2026ನ "ಜಂಟಿ" ಅನ್ನೋದಕ್ಕೆ ನನ್ನ ತಕರಾರಿದೆ. 104 ಪಂದ್ಯದಲ್ಲಿ ಅಮೆರಿಕಾಗೆ 78, ಮೆಕ್ಸಿಕೊಗೆ 13, ಕೆನಡಾಗೆ 13. 16 ಊರಲ್ಲಿ 11 ಅಮೆರಿಕಾದ್ದು. ಕ್ವಾರ್ಟರ್‌ಫೈನಲ್ ಶುರುವಾದ್ರೆ ಎಲ್ಲಾ ಅಮೆರಿಕಾದಲ್ಲೇ. ಇದು ಪಾಲುದಾರಿಕೆ ಅಲ್ಲ, ಯಜಮಾನನೊಬ್ಬ, ಒಳಬಾಡಿಗೆದಾರರಿಬ್ಬರು. ಆದ್ರೆ ಮೆಕ್ಸಿಕೊ ಸಿಟಿಯ ಅಜ್ಟೆಕಾ ಸ್ಟೇಡಿಯಂಗೆ ಉದ್ಘಾಟನೆ ಕೊಟ್ಟಿದ್ದು ನ್ಯಾಯವೇ, 1970, 1986 ಎರಡು ಫೈನಲ್ ಕಂಡ ನೆಲ ಅದು, ಸಮುದ್ರ ಮಟ್ಟದಿಂದ 2,200 ಮೀಟರ್ ಮೇಲೆ, ಕೆಳಗಿಂದ ಬಂದವರಿಗೆ ಅರ್ಧ ಗಂಟೇಲಿ ಏದುಸಿರು.

ಮತ್ತೆ ಫಿಫಾದ ಇಬ್ಬಂದಿ ನೋಡಿ. 2010ರ ವಿಶ್ವಕಪ್‌ಗೆ ಲಿಬಿಯಾ ಟ್ಯುನೀಷಿಯಾ ಸೇರಿ ಮಾಡ್ತೀವಿ ಅಂದಾಗ, 2004ರಲ್ಲಿ, ಜಂಟಿ ಬೇಡ ಅಂದ್ರು, ಟ್ಯುನೀಷಿಯಾ ಹಿಂದೆ ಸರೀತು. 2018ರಲ್ಲಿ ಈ 2026ರ ವಿಶ್ವಕಪ್‌ಗೆ ವೋಟು ಹಾಕುವಾಗ ಮಾಸ್ಕೊದಲ್ಲಿ 134 ವೋಟು ಮೂರು ದೇಶದ ಜಂಟಿ ಬಿಡ್‌ಗೆ, ಒಂಟಿಯಾಗಿ ನಿಂತ ಮೊರಾಕ್ಕೊಗೆ 65. ಏನ್ ಬದಲಾಯ್ತು ಅಂದ್ರೆ ಸೈಜು. 32 ಟೀಮು 64 ಪಂದ್ಯ ಇದ್ದದ್ದು 48 ಟೀಮು 104 ಪಂದ್ಯ ಆಯ್ತು, ಈಗ ಒಂದೇ ಮನೇಲಿ ಇಷ್ಟು ನೆಂಟರನ್ನ ಇಟ್ಕೊಳೋಕೆ ತಾಕತ್ತಿರೋರು ಬೆರಳೆಣಿಕೆ. ಯೂರೋನೂ ಅಷ್ಟೇ, ಆಸ್ಟ್ರಿಯಾ ಸ್ವಿಟ್ಜರ್ಲೆಂಡ್ ಎಂಟು ಸ್ಟೇಡಿಯಂನಲ್ಲಿ 31 ಪಂದ್ಯ ಮುಗಿಸಿದ್ರು, ಈಗ ಯೂರೋ 24 ಟೀಮು 51 ಪಂದ್ಯ, ಅವರಿಬ್ಬರು ಸೇರಿದ್ರೂ ಕಷ್ಟವೇ. ಚಿಕ್ಕ ದೇಶಗಳಿಗೆ ಅಂತ ಶುರುವಾದ ವ್ಯವಸ್ಥೆ ಈಗ ದೊಡ್ಡವರಿಗೇ ಬೇಕಾಗಿದೆ.

ಲೈನ್ಸ್‌ವುಮನ್

ಕಾರ್ನರ್‌ಕಿಕ್, ನಿಮ್ಮ ಸೂತ್ರ 2030ರಲ್ಲಿ ಒಡೆದು ಹೋಗುತ್ತಲ್ಲ, ಅದನ್ನ ನೋಡಿದ್ರಾ? ಸ್ಪೇನ್, ಪೋರ್ಚುಗಲ್, ಮೊರಾಕ್ಕೊ ಆತಿಥೇಯರು, ಆದ್ರೆ 1930ರ ಮೊದಲ ವಿಶ್ವಕಪ್‌ಗೆ ನೂರು ವರ್ಷ ಅಂತ ಉರುಗ್ವೆ, ಅರ್ಜೆಂಟೀನಾ, ಪರಾಗ್ವೆಗೆ ಒಂದೊಂದು ಪಂದ್ಯ. ಮೊದಲ ಪಂದ್ಯ ಮಾಂಟೆವಿಡಿಯೊಗೆ. ಅಂದ್ರೆ ಸಮಾಧಾನ ಮಾಡೋಕೆ ಇಟ್ಕೊಳೋ ಉದ್ಘಾಟನೆನ ಮೊದಲೇ ಸಾಗರದಾಚೆ ಕೊಟ್ಬಿಟ್ರು. ಇನ್ನು ಮೊರಾಕ್ಕೊದವರು ಕಾಸಾಬ್ಲಾಂಕಾ ಹತ್ರ 1,15,000 ಸೀಟಿನ ಸ್ಟೇಡಿಯಂ ಕಟ್ತಿದಾರೆ, ಸ್ಪೇನ್‌ನವರು ಮ್ಯಾಡ್ರಿಡ್‌ನಲ್ಲಿ ಬರ್ನಬ್ಯೂ ಸ್ಟೇಡಿಯಂ ಇದೆ ಅಂತಾರೆ. ಇಬ್ಬರ ನಡುವೆ ಜಿಬ್ರಾಲ್ಟರ್‌ನಲ್ಲಿ ಸಮುದ್ರ ಬರೀ 14 ಕಿಲೋಮೀಟರ್. ಫೈನಲ್ ಸಿಗದೇ ಇದ್ದವರ ಮೂಗಿಗೆ ಈಗ ಏನ್ ಸವರ್ತಾರೆ?

ಕಾರ್ನರ್‌ಕಿಕ್

ಅಯ್ಯೋ ಹೌದಲ್ಲ. ಡಬ್ಬಿಲಿ ತುಪ್ಪನೇ ಖಾಲಿ. ಎರಡು ಸೆಮಿಫೈನಲ್ ಕೊಟ್ರೆ?

ಹಳೇ_ಬೂಟು

ಪೋರ್ಚುಗಲ್‌ನ ಎಲ್ರೂ ಮರೆತ್ರಿ ನೋಡಿ. ಲಿಸ್ಬನ್‌ನವರು ಒಂದು ಸೆಮಿಫೈನಲ್ ನಮಗೆ ಅಂತ ಈಗ್ಲೇ ಕರ್ಚೀಫ್ ಹಾಕಿರ್ತಾರೆ.

ಬೆಂಚ್‌ಮೇಲಿದ್ದೋನು

ಹಂಗಾದ್ರೆ ಮೂರನೇ ಸ್ಥಾನದ ಪಂದ್ಯ ಕೊಡಿ.

ಲೈನ್ಸ್‌ವುಮನ್

ಮೂರನೇ ಸ್ಥಾನದ ಪಂದ್ಯಕ್ಕೆ ಯಾರಾದ್ರೂ 1,15,000 ಸೀಟು ಕಟ್ತಾರಾ ಮಾರಾಯ್ರೇ?